ಮೊಳೆ ಅಳಿಸಿ ಹೊಲಿಗೆ ಹಾಕಿದೆ

ಮೀನು ಬಂದರಿನ ಹೊರಗೋಡೆಗೆ ನಾವು ಮೂವರು ಚಿತ್ರ ಬರೆದು ನಾಲ್ಕು ಮಳೆಗಾಲ ಕಳೆಯಿತು. ಮಾನ್ಸೂನ್ ಗಾಳಿಯನ್ನು ನಂಬಿ ಹಿಂದೂ ಮಹಾಸಾಗರ ದಾಟುತ್ತಿದ್ದವರ ಚಿತ್ರ ಅದು. ಮೊನ್ನೆ ಹೋಗಿದ್ದೆ. ಮೊದಲು ನೋಡಿದ್ದು ಹಡಗಿನ ಹೊಲಿಗೆಯನ್ನೇ.

ಮೊದಲು ಅಲ್ಲಿ ಮೊಳೆ ಬರೆದಿದ್ದೆ. ಹಲಗೆ ಕೂಡುವ ಕಡೆಯೆಲ್ಲ ಕಪ್ಪು ಚುಕ್ಕಿ. ಮರದ ಹಡಗು ಅಂದ ಮೇಲೆ ಮೊಳೆ ಇರಲೇಬೇಕು ಅಂದುಕೊಂಡಿದ್ದೆ. ಆ ರಾತ್ರಿ ಬೆಲಿಟುಂಗ್ ಹಡಗಿನ ಬಗ್ಗೆ ಓದಿದೆ. 9ನೇ ಶತಮಾನದ ಹಡಗು. 1998ರಲ್ಲಿ ಇಂಡೊನೇಷ್ಯಾದ ಬೆಲಿಟುಂಗ್ ದ್ವೀಪದ ಹತ್ತಿರ ಕಡಲ ತಳದಲ್ಲಿ ಸಿಕ್ಕಿತು. ಅದರಲ್ಲಿ ಸುಮಾರು 60,000 ಚೀನೀ ಪಿಂಗಾಣಿ ವಸ್ತುಗಳಿದ್ದವು. ಅಷ್ಟು ಭಾರ ಹೊತ್ತ ಹಡಗಿನ ಹಲಗೆಗಳನ್ನು ತೂತು ಕೊರೆದು ಹಗ್ಗದಿಂದ ಹೊಲಿದಿದ್ದರು!

ಬೆಳಗ್ಗೆ ಸಾರ್ವೆ ಹತ್ತಿ ಒಂದೊಂದೇ ಚುಕ್ಕಿ ಮುಚ್ಚಿದೆ. ಎರಡು ದಿನ ಹಿಡಿಯಿತು. ಹೊಲಿಗೆ ಹಾಕುತ್ತಾ ಹೋದಂತೆ ಇನ್ನೊಂದು ತಪ್ಪು ಕಂಡಿತು. ಇಷ್ಟೊಂದು ಹಗ್ಗ ಎಲ್ಲಿಂದ ಬಂತು? ತೆಂಗಿನ ಸಿಪ್ಪೆಯನ್ನು ತಿಂಗಳುಗಟ್ಟಲೆ ನೀರಲ್ಲಿ ನೆನೆಹಾಕಬೇಕು, ಬಡಿದು ನಾರು ಬಿಡಿಸಬೇಕು, ಆಮೇಲೆ ಹೊಸೆಯಬೇಕು. ನಮ್ಮ ಚಿತ್ರದಲ್ಲಿ ಬಡಗಿ ಇದ್ದ. ಗಂಟು ಹಾಕಿದ ದಾರವನ್ನು ಹಲ್ಲಲ್ಲಿ ಕಚ್ಚಿ, ಅದರ ತುದಿಯ ಮರದ ತುಂಡಿನಿಂದ ಧ್ರುವ ನಕ್ಷತ್ರದ ಎತ್ತರ ಅಳೆಯುವ ನಾವಿಕನೂ ಇದ್ದ. ಹಗ್ಗ ಹೊಸೆಯುವವರು ಒಬ್ಬರೂ ಇರಲಿಲ್ಲ. ಕೆಳಗೆ ಎಡಗಡೆ ನಾಲ್ಕು ಹೆಂಗಸರನ್ನು ಕೂರಿಸಿದೆವು. ಇಡೀ ಗೋಡೆಯಲ್ಲಿ ನನಗೆ ತುಂಬಾ ಇಷ್ಟವಾದ ಜಾಗ ಅದು.

ಬಣ್ಣಕ್ಕೆ ಜಾಸ್ತಿ ಖರ್ಚಾಯಿತು. ಆದರೂ ಸಿಲಿಕೇಟ್ ಬಣ್ಣವೇ ಬೇಕು ಅಂತ ಹಟ ಹಿಡಿದಿದ್ದೆ. 1878ರಲ್ಲಿ ಜರ್ಮನಿಯ ಅಡೋಲ್ಫ್ ಕೈಮ್ ಪೇಟೆಂಟ್ ಪಡೆದ ಬಗೆಯದು. ಪ್ಲಾಸ್ಟಿಕ್ ಬಣ್ಣ ಗೋಡೆಯ ಮೇಲೆ ಪೊರೆ ಕಟ್ಟುತ್ತದೆ. ಒಳಗಿನ ತೇವಕ್ಕೆ ದಾರಿ ಸಿಗದೆ ಗುಳ್ಳೆ ಎದ್ದು ಕಿತ್ತುಬರುತ್ತದೆ. ಸಿಲಿಕೇಟ್ ಹಾಗಲ್ಲ. ಗಾರೆಯ ಜೊತೆಗೇ ಬೆಸೆದುಕೊಳ್ಳುತ್ತದೆ, ತೇವವನ್ನು ಹೊರಗೆ ಬಿಡುತ್ತದೆ.

ಆದರೆ ತೇವದ ಜೊತೆ ಉಪ್ಪೂ ಬರುತ್ತದೆ ಅಲ್ವಾ? ಮೊನ್ನೆ ಹೋದಾಗ ಆ ಹೆಂಗಸರ ಪಾದದ ಹತ್ತಿರ ಬೆಳ್ಳಗೆ ಪುಡಿ ಕಟ್ಟಿತ್ತು. ಜೊತೆಗಿದ್ದ ಹುಡುಗ ಬಕೆಟ್ ತರಲು ಹೊರಟ. ಬೇಡ ಅಂದೆ. ನೀರು ಹಾಕಿದರೆ ಉಪ್ಪು ಕರಗಿ ಮತ್ತೆ ಗೋಡೆಯೊಳಗೇ ಹೋಗುತ್ತದೆ. ಇಬ್ಬರೂ ನೆಲದಲ್ಲಿ ಕೂತು ಒಣ ಬ್ರಷ್‌ನಿಂದ ಮೆಲ್ಲಗೆ ಉಜ್ಜಿದೆವು. ಮೂರನೆಯವಳ ಕಾಲ್ಬೆರಳು ಮತ್ತೆ ಕಾಣಿಸಿತು.