ಅವ್ವ ಉಡುವುದೇ ಇಲ್ಲ, ಮತ್ತೆ ಸೀರೆ ಯಾಕೆ ಕೊಡಬೇಕು?

ಬಾಗಲಕೋಟೆಯಲ್ಲಿ ನಮ್ಮದೊಂದು ಸೀರೆ ಅಂಗಡಿ ಇದೆ. ನಾಗರ ಪಂಚಮಿ ಹತ್ತಿರ ಬಂತೆಂದರೆ ಪುಣೆ, ಬೆಂಗಳೂರಿನಿಂದ ಊರಿಗೆ ಬಂದ ಮಕ್ಕಳು ಅಂಗಡಿ ಹತ್ತುತ್ತಾರೆ. ದೀಪಾವಳಿಗೂ ಹಾಗೆಯೇ. ಎಲ್ಲರೂ ಕೇಳುವುದು ಒಂದೇ. "ಎಷ್ಟ್ ಸೀರಿ ತಂದಕೊಟ್ರೂ ಅವ್ವ ಉಡೂದಿಲ್ರಿ ಅಣ್ಣಾರ. ಟ್ರಂಕಿನ್ಯಾಗ ಇಟ್ಟಬಿಡ್ತಾಳ. ಮತ್ಯಾಕ ಕೊಡಬೇಕು?"

ನಾನು ತಿರುಗಿ ಒಂದು ಮಾತು ಕೇಳುತ್ತೇನೆ. ಅವ್ವ ಎಷ್ಟು ಗಜದ ಸೀರೆ ಉಡುತ್ತಾಳೆ? ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ನಮ್ಮ ಕಡೆ ವಯಸ್ಸಾದ ಎಷ್ಟೋ ಹೆಣ್ಣುಮಕ್ಕಳು ಇವತ್ತಿಗೂ ಕಚ್ಚೆ ಹಾಕಿಯೇ ಉಡುತ್ತಾರೆ. ಅದಕ್ಕೆ ಎಂಟು ಗಜ, ಒಂಬತ್ತು ಗಜ ಬೇಕು. ಮಗ ಆರು ಗಜದ ರೇಷ್ಮೆ ಸೀರೆ ತಂದುಕೊಟ್ಟರೆ ಆಕೆ ಅದನ್ನು ಹೇಗೆ ಉಡಬೇಕು? ಮಗನ ಮನಸ್ಸು ನೋಯಬಾರದು ಅಂತ ಸುಮ್ನೆ ಮಡಚಿ ಇಡುತ್ತಾಳೆ.

ದಿನಾ ಉಡುವವರಿಗೆ ಇಳಕಲ್ಲಿನ ಹತ್ತಿ ಒಡಲಿನ ಸೀರೆಯೇ ಸರಿ. ಬಿಸಿಲಿಗೆ ತಂಪು, ಮೈಗೆ ಹಿತ. ಹಳೆಯ ಕಾಲದ ಅಜ್ಜಿ ಅಂಗಡಿಗೆ ಬಂದರೆ ಬಣ್ಣ ಆಮೇಲೆ ನೋಡುತ್ತಾಳೆ. ಮೊದಲು ಒಡಲು ಮತ್ತು ಸೆರಗು ಸೇರುವ ಗೆರೆಯ ಮೇಲೆ ಹೆಬ್ಬೆರಳು ಆಡಿಸುತ್ತಾಳೆ. ಒಡಲಿನ ಹಾಸಿನ ಎಳೆಗೂ, ಅಂದರೆ ಉದ್ದದ ಎಳೆಗೂ, ಸೆರಗಿನ ಹಾಸಿನ ಎಳೆಗೂ ಒಂದಕ್ಕೊಂದು ಕೊಂಡಿ ಹಾಕಿ ಜೋಡಿಸುವುದೇ ಇಳಕಲ್ ಸೀರೆಯ ಗುರುತು. ಆಮೇಲೆ ಕೆಂಪು ಸೆರಗು ಬಿಚ್ಚಿ ಅದರಲ್ಲಿ ನೇಯ್ದ ಬಿಳಿ ಚಿತ್ತಾರ, ಅಂದರೆ ತೆನಿ ನೋಡಿ, "ಟೋಪ್ ತೆನಿ ಚಲೋ ಬಿದ್ದೈತಿ" ಅನ್ನುತ್ತಾಳೆ. ಇಷ್ಟು ತಿಳಿದವಳಿಗೆ ನಾವು ಮೊಬೈಲಿನಲ್ಲಿ ಫೋಟೋ ನೋಡಿ ಆರಿಸಿದರೆ ಹೇಗೆ?

ಈ ತಪ್ಪು ನಾನೂ ಮಾಡಿದ್ದೇನೆ. ಅಂಗಡಿ ನನ್ನ ಕೈಗೆ ಬಂದ ಮೊದಲ ದೀಪಾವಳಿಗೆ ಅವ್ವನಿಗೆ ಅಪ್ಪಟ ರೇಷ್ಮೆ ಸೀರೆ ಕೊಟ್ಟೆ. ನಾಲ್ಕು ವರ್ಷದ ಮೇಲೆ ಟ್ರಂಕು ತೆಗೆದರೆ ಅದು ಮಡಿಕೆಗುಂಟ ಸೀಳಿತ್ತು. ಒಂದು ಸಲವೂ ಉಟ್ಟಿರಲಿಲ್ಲ. ರೇಷ್ಮೆ ಒಂದೇ ಮಡಿಕೆಯಲ್ಲಿ ಬಹಳ ದಿನ ಇದ್ದರೆ ಅಲ್ಲೇ ಹರಿಯುತ್ತದೆ. ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ ಹತ್ತಿ ಬಟ್ಟೆಯಲ್ಲಿ ಸುತ್ತಿಡಬೇಕು. ಸಿಟ್ಟಿನಿಂದ "ಯಾಕ ಉಡಲಿಲ್ಲ?" ಅಂದೆ. "ಇಷ್ಟ ಭಾರಿ ಸೀರಿ ಉಟ್ಕೊಂಡು ಎಲ್ಲಿಗಿ ಹೋಗ್ಲೋ? ನೀ ಕೊಟ್ಟಿದ್ದು ಅಂತ ಆಗಾಗ ಮುಟ್ಟಿ ನೋಡ್ತಿದ್ದೆ" ಅಂದಳು. ಅವತ್ತಿನಿಂದ ನಾನು ಆಕೆಯನ್ನು ಕೇಳದೆ ಸೀರೆ ಕೊಟ್ಟಿಲ್ಲ.

ಸೀರೆ ಬೇಡ, ದುಡ್ಡು ಕೊಟ್ಟರೆ ಸಾಕಲ್ವಾ ಅಂತಲೂ ಕೇಳುತ್ತಾರೆ. ಕೊಡಿ, ಆದರೆ ಹಬ್ಬಕ್ಕೆ ಹದಿನೈದು ದಿನ ಮೊದಲೇ ಕೊಡಿ. ಯಾಕೆಂದರೆ ಹಬ್ಬದಲ್ಲಿ ಅವ್ವನಿಗೂ ಕೊಡುವುದಿರುತ್ತದೆ. ಪಂಚಮಿಗೆ ಮಗಳು ತವರಿಗೆ ಬರುತ್ತಾಳೆ. ಉಂಡಿ ಕಟ್ಟಬೇಕು, ಉಡಿ ತುಂಬಬೇಕು. ಅದಕ್ಕೆ ಒಂದು ಗುಳೇದಗುಡ್ಡದ ಖಣ, ಅಂದರೆ ಕುಪ್ಪಸದ ಬಟ್ಟೆಯಾದರೂ ಬೇಕು.

ನಾನು ಜಾಸ್ತಿ ಹೇಳಬೇಕೆಂದಿರುವುದು ಇದನ್ನೇ. ಕೊಡುವುದನ್ನು ನಾವು ಬೇಗ ಕಲಿಯುತ್ತೇವೆ, ಅವರಿಂದ ತೆಗೆದುಕೊಳ್ಳುವುದನ್ನು ಬಿಟ್ಟುಬಿಡುತ್ತೇವೆ. ದೀಪಾವಳಿಯ ಬೆಳಿಗ್ಗೆ ಎಣ್ಣೆಸ್ನಾನ ಮಾಡಿಸಿ, ಆರತಿ ಬೆಳಗಿ ಅವ್ವ ನನಗೊಂದು ಹೊಸ ಟವೆಲ್ ಕೊಡುತ್ತಿದ್ದಳು. ಒಂದು ವರ್ಷ ನಾನು, "ನಮ್ಮದ ಬಟ್ಟಿ ಅಂಗಡಿ ಐತಿ, ನೀ ಯಾಕ ಹೊರಗ ರೊಕ್ಕಾ ಕೊಟ್ಟು ತರ್ತಿ? ಬ್ಯಾಡ ಬಿಡು" ಅಂದುಬಿಟ್ಟೆ. ಮುಂದಿನ ದೀಪಾವಳಿಗೆ ಆರತಿ ಆಯಿತು. ತಟ್ಟೆ ಕೆಳಗಿಟ್ಟ ಮೇಲೂ ಅವ್ವ ಅಲ್ಲೇ ನಿಂತಿದ್ದಳು. ಏನೋ ಮರೆತವರ ಹಾಗೆ ಸೆರಗಿನಿಂದ ಬರೀ ಕೈ ಒರೆಸಿಕೊಂಡಳು. ಆ ಕೈ ನೋಡಿ ನನಗೆ ಗಂಟಲು ಕಟ್ಟಿತು. ಅದರ ಮುಂದಿನ ವರ್ಷ ನಾನೇ ಬಾಯಿಬಿಟ್ಟು ಕೇಳಿದೆ, "ಯವ್ವಾ, ನನ್ನ ಟವೆಲ್ ಎಲ್ಲಿ?" ಆಕೆ ಒಳಗೆ ಹೋಗಿ ತಂದಳು. ಕೊಂಡಿಟ್ಟಿದ್ದಳು! ನಾನು ಬೇಡ ಅಂದ ವರ್ಷದ್ದೂ ಅದರ ಕೆಳಗೆ ಇತ್ತು.

ಅದಕ್ಕೇ ಕೇಳಿದವರಿಗೆಲ್ಲ ಹೇಳುತ್ತೇನೆ. ಅವ್ವನನ್ನು ಅಂಗಡಿಗೆ ಕರೆದುಕೊಂಡು ಬನ್ನಿ. ಪಾಕೀಟು ನಿಮ್ಮದಿರಲಿ, ಆರಿಸುವ ಕೈ ಅವಳದಿರಲಿ.

ಹೋದ ಪಂಚಮಿಗೆ ನವನಗರದಿಂದ ತಾಯಿ, ಮಗ ಇಬ್ಬರೂ ಬಂದಿದ್ದರು. ಒಂದು ತಾಸು ಕೂತು ಒಂಬತ್ತು ಗಜದ್ದೊಂದು ಆರಿಸಿದರು. ಮಗ ದುಡ್ಡು ಕೊಟ್ಟ. ಆಮೇಲೆ ಆ ತಾಯಿ, "ನಮ್ಮ ಸೊಸಿಗೆ ಒಂದು ಖಣಾ ತೋರಸ್ರಿ" ಅಂತ ಸೆರಗಿನ ಗಂಟು ಬಿಚ್ಚಿದಳು. ಮಗನ ಕೈ ಮತ್ತೆ ಪಾಕೀಟಿಗೆ ಹೋಯಿತು. ನಾನು ಅವನ ಕಡೆ ನೋಡಿ ಸಣ್ಣಗೆ ತಲೆ ಅಲ್ಲಾಡಿಸಿದೆ. ಅವನು ಕೈ ಹಿಂದೆ ತಗೊಂಡ. ಆಕೆ ಮಡಿಚಿದ ನೋಟುಗಳನ್ನು ಒಂದೊಂದೇ ಬಿಡಿಸಿ ಗಲ್ಲೆಯ ಮೇಲೆ ಇಟ್ಟಳು.