ಅವ್ವ ಘಾಟಿ ಇಳಿದ ದಿನ

ಹೋದ ವರ್ಷ ಆಷಾಢ ಕಳೆದ ಮೇಲೆ ಊರಿಗೆ ಹೋಗಿದ್ದೆ. ರಾಗಿ ಹೊಲದಲ್ಲಿ ಕಳೆ ಕೀಳುವ ಕೆಲಸ ನಡೆದಿತ್ತು. ನಾನೂ ಅವ್ವನ ಪಕ್ಕದ ಸಾಲು ಹಿಡಿದು ಕೂತೆ. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ, ಅವಳು ಕಿತ್ತು ಹಾಕಿದ್ದ ಗುಡ್ಡೆಯಲ್ಲಿ ಅರ್ಧ ರಾಗಿ ಪೈರೇ ಇತ್ತು. ನಲವತ್ತು ವರ್ಷ ರಾಗಿ ಬೆಳೆದ ಕೈ ಅದು. ನಾವು ಚಿಕ್ಕವರಿದ್ದಾಗ ಇದು ಹುಲ್ಲು, ಇದು ರಾಗಿ ಅಂತ ಬೆರಳಿಟ್ಟು ತೋರಿಸಿ ಕಲಿಸಿದ್ದೇ ಅವಳು.

ಅಪ್ಪನಿಗೆ ಮೊದಲೇ ಗೊತ್ತಿತ್ತು. ಸುಮ್ನೆ ಅವಳ ಹಿಂದೆಯೇ ಬಂದು, ಕಿತ್ತ ಪೈರನ್ನು ಆರಿಸಿ ಮತ್ತೆ ನೆಡುತ್ತಿದ್ದ. ಅವಳಿಗೆ ಒಂದು ಮಾತೂ ಹೇಳಿರಲಿಲ್ಲ.

'ನಂಗೇನೂ ಆಗಿಲ್ಲ ಬುಡು ಕೂಸು. ವಯಸ್ಸಾಯ್ತಲ್ಲ, ಮಬ್ಬು ಮಬ್ಬಾಗಿ ಕಾಣ್ತದೆ ಅಷ್ಟೆಯ' ಅಂದಳು ಅವ್ವ. ಮನೆಗೆ ಬಂದು ಬಾಗಿಲ ಬೆಳಕಿಗೆ ಕೂರಿಸಿ ನೋಡಿದೆ. ಬಲಗಣ್ಣಿನ ಪಾಪೆಯ ನಡುವೆ ಮಜ್ಜಿಗೆ ತೊಟ್ಟು ಬಿದ್ದ ಹಾಗೆ ಬೆಳ್ಳಗಿತ್ತು. ಪೊರೆ ಬಂದು ಬಲಿತಿತ್ತು. ಎಡಗಣ್ಣಲ್ಲೂ ಶುರುವಾಗಿತ್ತು.

ನಮ್ಮೂರು ತಾಳವಾಡಿ ಕಡೆಯದು. ಸರ್ಕಾರದ ಲೆಕ್ಕದಲ್ಲಿ ತಮಿಳುನಾಡಿನ ಈರೋಡು ಜಿಲ್ಲೆ. ಮನೆ ಮಾತು, ಸಂತೆ ಮಾತು ಎಲ್ಲ ಕನ್ನಡವೇ. ಚಾಮರಾಜನಗರ ನಮಗೆ ಹತ್ತಿರ. ಕೊಯಮತ್ತೂರಿಗೆ ಹೋಗಬೇಕಾದರೆ ಆಸನೂರಿನ ಕಾಡು ದಾಟಿ, ದಿಂಬಂ ಘಾಟಿಯ 27 ಹೇರ್‌ಪಿನ್ ತಿರುವು ಇಳಿದು, ಕೆಳಗೆ ಬಣ್ಣಾರಿ ಅಮ್ಮನಿಗೆ ಕೈಮುಗಿದು, ಸತ್ಯಮಂಗಲದ ಮೇಲೆ ಹೋಗಬೇಕು. ನಾನು ಇಪ್ಪತ್ತು ವರ್ಷದಿಂದ ಕೊಯಮತ್ತೂರಿನಲ್ಲೇ ಇದ್ದೇನೆ. ಪಂಪ್‌ಸೆಟ್ ಮಾಡುವ ಒಂದು ಕಂಪನಿಯಲ್ಲಿ ಲೆಕ್ಕ ಬರೆಯುವ ಕೆಲಸ.

ಆಪರೇಷನ್ ಅಂದ ತಕ್ಷಣ ಅವ್ವ ಅಜ್ಜಿಯ ಹೆಸರೆತ್ತಿದಳು. ಅದು ನನಗೆ ಗೊತ್ತಿದ್ದದ್ದೇ.

ಅಜ್ಜಿಗೆ 1980ರ ದಶಕದಲ್ಲಿ ಒಂದು ಶಿಬಿರದಲ್ಲಿ ಪೊರೆ ತೆಗೆದಿದ್ದರು. ಆಮೇಲೆ ದಪ್ಪ ಗಾಜಿನ ಕನ್ನಡಕ ಕೊಟ್ಟರು. ಅದನ್ನು ಹಾಕಿಕೊಂಡರೆ ಅಜ್ಜಿಯ ಕಣ್ಣು ಎಮ್ಮೆ ಕಣ್ಣಿನಷ್ಟು ದೊಡ್ಡದಾಗಿ ಕಾಣುತ್ತಿತ್ತು. ಎದುರಿಗಿರುವುದು ಕಾಣುತ್ತಿತ್ತು, ಪಕ್ಕದ್ದು ಸರಿಯಾಗಿ ಕಾಣುತ್ತಿರಲಿಲ್ಲ. ಜಗಲಿ ಇಳಿಯುವಾಗ ಮೆಟ್ಟಿಲು ಎಲ್ಲಿದೆ ಅಂತ ಕಾಲಲ್ಲಿ ತಡಕುತ್ತಿದ್ದಳು. ಆದರೂ ಖುಷಿಯಾಗೇ ಇದ್ದಳು. ಒಂದು ದಿನ ಕೊಟ್ಟಿಗೆಯಲ್ಲಿ ಹಸು ತಲೆ ಆಡಿಸಿದ ರಭಸಕ್ಕೆ ಕನ್ನಡಕ ಬಿದ್ದು ಒಡೆಯಿತು. ಹಬ್ಬ ಆಗಲಿ, ಕೊಯ್ಲು ಆಗಲಿ, ಆಮೇಲೆ ಹೊಸದು ಮಾಡಿಸೋಣ ಅನ್ನುತ್ತಲೇ ಎರಡು ವರ್ಷ ಹೋಯ್ತು. ಅಷ್ಟರಲ್ಲಿ ಅಜ್ಜಿಯೇ ಹೋದಳು. ಆಪರೇಷನ್ ಆದ ಕಣ್ಣಿಟ್ಟುಕೊಂಡು, ಕಣ್ಣು ಕಾಣದೆ ಹೋದಳು. ಅದು ನನಗೆ ಈಗಲೂ ನೋವು. ಕನ್ನಡಕದ ಬೆಲೆ ಅಂಥಾ ಜಾಸ್ತಿಯೇನೂ ಇರಲಿಲ್ಲ.

ಆಪರೇಷನ್ ಮಾಡಿದವರ ತಪ್ಪಲ್ಲ ಅದು. ಆಗಿನ ಶಿಬಿರಗಳಲ್ಲಿ ಪೊರೆಗಟ್ಟಿದ ಮಸೂರವನ್ನು ಪೂರ್ತಿ ತೆಗೆದುಬಿಡುತ್ತಿದ್ದರು, ಅದರ ಜಾಗಕ್ಕೆ ಏನೂ ಹಾಕುತ್ತಿರಲಿಲ್ಲ. ಮಸೂರದ ಕೆಲಸವನ್ನೆಲ್ಲ ಹೊರಗಿನ ಕನ್ನಡಕವೇ ಮಾಡಬೇಕಿತ್ತು. ಬೀಳಗಿಯ ಡಾ. ಎಂ. ಸಿ. ಮೋದಿಯವರು ಊರೂರು ತಿರುಗಿ, ಒಂದೇ ದಿನ 833 ಜನರ ಪೊರೆ ತೆಗೆದ ಕಾಲ ಅದು. ಅಂಥ ಶಿಬಿರಗಳು ಇಲ್ಲದಿದ್ದರೆ ಆ ಜನಕ್ಕೆ ಇನ್ನೆಲ್ಲೂ ದಾರಿಯೇ ಇರಲಿಲ್ಲ.

ಕಣ್ಣೊಳಗೆ ಕೂರಿಸುವ ಲೆನ್ಸ್ ಆಗ ಇರಲೇ ಇಲ್ಲ ಅಂತಲ್ಲ. ಲಂಡನ್ನಿನ ಹೆರಾಲ್ಡ್ ರಿಡ್ಲಿ ಎಂಬ ವೈದ್ಯರು 1949ರಲ್ಲೇ ಅದನ್ನು ಹಾಕಿ ತೋರಿಸಿದ್ದರು. ಯುದ್ಧವಿಮಾನದ ಮುಚ್ಚಳದ ಪ್ಲಾಸ್ಟಿಕ್ ಚೂರು ಪೈಲಟ್‌ಗಳ ಕಣ್ಣಿಗೆ ಹೊಕ್ಕರೂ ಕಣ್ಣು ಅದನ್ನು ಸಹಿಸಿಕೊಂಡಿದ್ದನ್ನು ಅವರು ಗಮನಿಸಿದ್ದರು. ಆದರೆ ನಲವತ್ತು ವರ್ಷ ಕಳೆದರೂ ಆ ಲೆನ್ಸ್ ನಮ್ಮ ಅಜ್ಜಿಯಂಥವರ ಕೈಗೆ ಎಟುಕಲಿಲ್ಲ. ಹೊರದೇಶದಿಂದ ತರಿಸಿದರೆ ಒಂದಕ್ಕೆ 100 ಡಾಲರ್ ಹತ್ತಿರ. ಆ ದುಡ್ಡಿಗೆ ನಮ್ಮೂರಲ್ಲಿ ಹಸು ಬರುತ್ತಿತ್ತು.

ಬೆಲೆ ಇಳಿದದ್ದು ಮದುರೆಯಲ್ಲಿ. ಅಲ್ಲಿನ ಅರವಿಂದ್ ಕಣ್ಣಾಸ್ಪತ್ರೆಯವರು 1992ರಲ್ಲಿ ಆರೋಲ್ಯಾಬ್ ಅಂತ ತಮ್ಮದೇ ಕಾರ್ಖಾನೆ ಶುರು ಮಾಡಿದರು. ಲೆನ್ಸ್ ಬೆಲೆ 10 ಡಾಲರ್ ಸುಮಾರಿಗೆ ಬಂತು, ಆಮೇಲೆ ಇನ್ನೂ ಇಳಿಯಿತು. ಈಗ ನೂರಕ್ಕೂ ಹೆಚ್ಚು ದೇಶಗಳಿಗೆ ಅಲ್ಲಿಂದ ಲೆನ್ಸ್ ಹೋಗುತ್ತದೆ. ಇದಕ್ಕೆ ಹೆಗಲು ಕೊಟ್ಟದ್ದು ಸೇವಾ ಫೌಂಡೇಶನ್ ಎಂಬ ದತ್ತಿ ಸಂಸ್ಥೆ. ಸಿಡುಬು ತೊಲಗಿಸುವ ಕೆಲಸಕ್ಕೆ ಭಾರತದಲ್ಲಿ ಓಡಾಡಿದ್ದ ಡಾ. ಲ್ಯಾರಿ ಬ್ರಿಲಿಯಂಟ್ ಮತ್ತವರ ಗೆಳೆಯರು 1978ರಲ್ಲಿ ಅಮೆರಿಕದಲ್ಲಿ ಕಟ್ಟಿದ ಸಂಸ್ಥೆ ಅದು. ಲೆನ್ಸ್ ತಯಾರಿಕೆಯ ವಿದ್ಯೆಯನ್ನು ಮದುರೆಗೆ ತರಲು ಡೇವಿಡ್ ಗ್ರೀನ್ ಎಂಬುವರು ಅವರ ಕಡೆಯಿಂದ ಓಡಾಡಿದರು. ಲೆನ್ಸನ್ನು ವರ್ಷ ವರ್ಷ ದಾನ ಕೊಡುತ್ತಾ ಕೂರುವ ಬದಲು, ಲೆನ್ಸ್ ಮಾಡುವುದನ್ನೇ ಇಲ್ಲಿ ನೆಲೆ ನಿಲ್ಲಿಸಿದರಲ್ಲ, ಅದು ನನಗೆ ತುಂಬ ದೊಡ್ಡದಾಗಿ ಕಾಣುತ್ತದೆ.

ಆಸ್ಪತ್ರೆ ಕಟ್ಟಿದ ಡಾ. ಜಿ. ವೆಂಕಟಸ್ವಾಮಿಯವರ ಫೋಟೋ ಕೊಯಮತ್ತೂರಿನ ಶಾಖೆಯಲ್ಲೂ ಇದೆ. ಸಂಧಿವಾತದಿಂದ ಅವರ ಬೆರಳುಗಳು ಸೊಟ್ಟಗಾಗಿಬಿಟ್ಟಿದ್ದವು. ಆ ಬೆರಳಲ್ಲೇ ಕತ್ತಿ ಹಿಡಿಯುವುದನ್ನು ಅಭ್ಯಾಸ ಮಾಡಿಕೊಂಡು ಒಂದು ಲಕ್ಷಕ್ಕೂ ಹೆಚ್ಚು ಕಣ್ಣಿನ ಆಪರೇಷನ್ ಮಾಡಿದರು. 1976ರಲ್ಲಿ, 58ನೇ ವಯಸ್ಸಿಗೆ ಸರ್ಕಾರಿ ಕೆಲಸದಿಂದ ನಿವೃತ್ತರಾದ ಮೇಲೆ 11 ಹಾಸಿಗೆಯ ಆಸ್ಪತ್ರೆ ತೆರೆದರು. ಮನೆ ಅಡವಿಟ್ಟರು, ಮನೆಯವರ ಒಡವೆ ಒತ್ತೆ ಇಟ್ಟರು. ದುಡ್ಡು ಕೂಡಿದ ಹಾಗೆ ಒಂದೊಂದೇ ಅಂತಸ್ತು ಮೇಲೆ ಎಬ್ಬಿಸಿದರು. ನಮ್ಮ ಕಡೆ ಮನೆ ಕಟ್ಟುವ ರೀತಿಯೇ ಇದು, ಅಲ್ವಾ?

ಅವ್ವನನ್ನು ಒಪ್ಪಿಸಲು ನನಗೆ ನಾಲ್ಕು ತಿಂಗಳು ಹಿಡಿಯಿತು. ಹಸು ಕರೆಯುವವರು ಯಾರು? ಅಪ್ಪನಿಗೆ ಮುದ್ದೆ ಮಾಡಿ ಹಾಕುವವರು ಯಾರು? ನೀನು ರಜಾ ಹಾಕಿದರೆ ಸಂಬಳ ಹಿಡಿಯಲ್ವಾ? ಕೊನೆಗೆ ಒಂದು ಮಾತು: 'ಒಂದು ಕಣ್ಣು ಕಾಣ್ತದಲ್ಲ, ಸಾಕು ಬುಡು.' ನಾನು ಇವೆಲ್ಲ ನಮ್ಮ ಅವ್ವನ ಹಟ ಅಂತಲೇ ತಿಳಿದಿದ್ದೆ. ಹಾಗಲ್ಲ ಅಂತ ಆಮೇಲೆ ಓದಿ ತಿಳಿಯಿತು. 1990ರ ದಶಕದಲ್ಲಿ ತಮಿಳುನಾಡಿನ ಹಳ್ಳಿಗಳಲ್ಲಿ ಒಂದು ಅಧ್ಯಯನ ನಡೆದಿತ್ತು. ಕಣ್ಣಿನ ತೊಂದರೆ ಇರುವ 100 ಜನರಲ್ಲಿ ಉಚಿತ ಶಿಬಿರಕ್ಕೆ ಬರುತ್ತಿದ್ದವರು 7 ಜನ ಅಷ್ಟೆ. ಉಳಿದ 93 ಜನ ಏಕೆ ಬರಲಿಲ್ಲ ಅಂದರೆ ಹೆದರಿಕೆ, ಜೊತೆಗೆ ಬರುವವರಿಲ್ಲ, ಬಸ್ಸಿಗೆ ಊಟಕ್ಕೆ ಖರ್ಚು, ಮನೆ ಬಿಡಲಾಗದು. ಎಲ್ಲ ನಮ್ಮ ಅವ್ವನ ಮಾತೇ. ಹೆಂಗಸರಿಗಂತೂ ಇದು ಇನ್ನೂ ಜಾಸ್ತಿ. ಗಂಡಸಿಗೆ ಕಣ್ಣು ಮಂಜಾದರೆ ಮನೆಯೇ ಗಾಬರಿಯಾಗುತ್ತದೆ. ಹೆಂಗಸು ತಡಕಾಡಿಕೊಂಡು ಅಡುಗೆ ಮಾಡಿ ಹಾಕುತ್ತಲೇ ಇರುತ್ತಾಳೆ.

ಅರವಿಂದ್‌ನವರ ಶಿಬಿರದ ಬಸ್ಸಿನ ಬೆಲೆ ನನಗೆ ಅರ್ಥವಾದದ್ದು ಆಗ. ಶಿಬಿರದಲ್ಲಿ ಕಣ್ಣು ನೋಡಿ, ಪೊರೆ ಇದ್ದವರನ್ನು ಅವತ್ತೇ ಬಸ್ಸಿಗೆ ಹತ್ತಿಸುತ್ತಾರೆ. ಮನೆಗೆ ಹೋಗಿ ಯೋಚನೆ ಮಾಡಿ ಬನ್ನಿ ಅಂದರೆ ಯಾರು ಬರುತ್ತಾರೆ? ಊಟ, ಆಪರೇಷನ್, ಲೆನ್ಸ್, ಔಷಧಿ ಎಲ್ಲ ಅವರದ್ದೇ. ಆಪರೇಷನ್ ಆದ ಮೇಲೆ ಅದೇ ಗುಂಪನ್ನು ಬಸ್ಸಲ್ಲಿ ವಾಪಸ್ ಬಿಡುತ್ತಾರೆ. ಒಂದು ತಿಂಗಳಾದ ಮೇಲೆ ಅದೇ ಊರಿಗೆ ಬಂದು ಕಣ್ಣು ನೋಡುತ್ತಾರೆ. ನಮ್ಮ ಕಡೆ ಬೇರೊಂದು ಶಿಬಿರ ನಡೆದಿತ್ತು. ಬ್ಯಾನರ್, ಹಾರ, ಭಾಷಣ ಎಲ್ಲ ಇತ್ತು. ಆಮೇಲೆ ಕಣ್ಣು ಕೆಂಪಾಗಿ ನೀರು ಸುರಿಯುತ್ತಿದ್ದವರು ಕೇಳಲು ಹೋದರೆ ಒಬ್ಬರೂ ಸಿಗಲಿಲ್ಲ. ಆ ತಿಂಗಳ ನಂತರದ ಭೇಟಿ ಇಲ್ಲದ ಶಿಬಿರವನ್ನು ನಾನು ಶಿಬಿರ ಅಂತ ಒಪ್ಪುವುದಿಲ್ಲ.

ನಮ್ಮ ಚಿಕ್ಕವ್ವ ಆ ಬಸ್ಸಲ್ಲೇ ಬಂದಳು, ಊರಿನ ಇನ್ನೂ ಐದಾರು ಜನರ ಜೊತೆ. ಮಾರನೇ ದಿನ ನಾನು ಅವ್ವನನ್ನು ಕರೆದುಕೊಂಡು ಬಂದೆ. ಘಾಟಿ ಇಳಿಯುವಾಗ ಅವಳು ಕಿಟಕಿ ಪಕ್ಕ ಕೂತಿದ್ದರೂ ಹೊರಗೆ ನೋಡಲಿಲ್ಲ. ಸೀಟಿನ ಕಂಬಿ ಹಿಡಿದು, ಬಸ್ಸು ಯಾವ ಕಡೆ ವಾಲುತ್ತದೆ ಅಂತ ಮೈಯಲ್ಲೇ ತಿಳಿದುಕೊಳ್ಳುತ್ತಿದ್ದಳು.

ಅವ್ವನಿಗೆ ದುಡ್ಡು ಕಟ್ಟುವ ವಿಭಾಗದಲ್ಲಿ ಚೀಟಿ ಮಾಡಿಸಿದ್ದೆ. ಅವಳಿಗೆ ಮಂಚ, ಚಿಕ್ಕವ್ವನಿಗೆ ಉಚಿತ ವಿಭಾಗದಲ್ಲಿ ಹಾಲ್‌ನಲ್ಲಿ ಚಾಪೆ. ನಾನು ಎರಡೂ ಕಡೆ ಓಡಾಡುತ್ತಿದ್ದೆ. ಚಿಕ್ಕವ್ವನ ಕಡೆ ಎಲ್ಲ ಊರವರೇ. ಒಬ್ಬಳು ಆಪರೇಷನ್ ಮುಗಿಸಿ ಬಂದು 'ಇರುವೆ ಕಚ್ಚಿದಷ್ಟೂ ನೋವಿಲ್ಲ ಕಣಮ್ಮಿ' ಅಂದರೆ ಮುಂದಿನವಳು ಎದ್ದು ಹೋಗುತ್ತಿದ್ದಳು. ಇದನ್ನು ಅವ್ವನಿಗೆ ಹೇಳಿದೆ, ತಪ್ಪಾಯ್ತು. 'ಇಲ್ಲಿ ಒಬ್ಬಳೇ ಮಲಗಕ್ಕಾಗಲ್ಲ ಕೂಸು. ನನ್ನೂ ಅಲ್ಲಿಗೇ ಕಳ್ಸು' ಅಂತ ಕೂತಳು. ದುಡ್ಡು ಕಟ್ಟಿಯಾಗಿದೆ ಅಂದರೂ ಕೇಳಲಿಲ್ಲ. ಸಿಸ್ಟರ್ ಒಬ್ಬಳು ಬಂದು ಕೈ ಹಿಡಿದು ಕೂತ ಮೇಲೆ ಸುಮ್ಮನಾದಳು. ಆ ಹುಡುಗಿಗೆ ಕನ್ನಡ ಬರುತ್ತಿರಲಿಲ್ಲ, ಅವ್ವನ ತಮಿಳು ಅಷ್ಟಕ್ಕಷ್ಟೆ. ಆದರೂ ಇಬ್ಬರೂ ಹಸುವಿನ ವಿಷಯ ಮಾತಾಡಿದರು. ಅವಳ ಮನೆಯಲ್ಲೂ ಹಸು ಇತ್ತಂತೆ.

ಆ ಸಿಸ್ಟರ್‌ಗಳೆಲ್ಲ ಹಳ್ಳಿ ಹುಡುಗಿಯರು. ಹನ್ನೆರಡನೇ ಕ್ಲಾಸ್ ಮುಗಿಸಿದವರನ್ನು ಆರಿಸಿ, ಎರಡು ವರ್ಷ ಆಸ್ಪತ್ರೆಯೇ ತರಬೇತಿ ಕೊಡುತ್ತದೆ. ದೃಷ್ಟಿ ನೋಡುವುದು, ಕಣ್ಣಿನ ಒತ್ತಡ ಅಳೆಯುವುದು, ಯಾವ ಪವರ್‌ನ ಲೆನ್ಸ್ ಬೇಕು ಅಂತ ಅಳತೆ ತೆಗೆಯುವುದು, ಆಪರೇಷನ್‌ಗೆ ಸಿದ್ಧ ಮಾಡುವುದು, ಎಲ್ಲ ಅವರೇ. ಡಾಕ್ಟರ್ ಮಾಡಲೇಬೇಕಾದ ಕೆಲಸ ಮಾತ್ರ ಡಾಕ್ಟರ್‌ಗೆ. ಥಿಯೇಟರ್‌ನಲ್ಲಿ ಪಕ್ಕಪಕ್ಕದಲ್ಲಿ ಎರಡು ಟೇಬಲ್. ಒಂದರಲ್ಲಿ ಆಪರೇಷನ್ ನಡೆಯುವಾಗ ಇನ್ನೊಂದರಲ್ಲಿ ಮುಂದಿನವರು ಸಿದ್ಧ. ಮುಗಿದ ಕೂಡಲೇ ಡಾಕ್ಟರ್ ಸೂಕ್ಷ್ಮದರ್ಶಕವನ್ನು ಆಚೆ ತಿರುಗಿಸಿಕೊಳ್ಳುತ್ತಾರೆ.

ಲೆಕ್ಕ ಬರೆಯುವವಳಿಗೆ ಇಲ್ಲಿ ಉತ್ತರ ಸಿಕ್ಕಿತು. ಉಚಿತವಾಗಿ ಮಾಡಿದರೆ ಆಸ್ಪತ್ರೆ ಹೇಗೆ ನಡೆಯುತ್ತದೆ ಅಂತ ನನಗೆ ಮೊದಲಿಂದ ಅನುಮಾನ. ಇಡೀ ಆಸ್ಪತ್ರೆಯಲ್ಲಿ ತುಂಬ ದುಬಾರಿಯಾದದ್ದು ಡಾಕ್ಟರ್ ಸಮಯ. ಅದರಲ್ಲಿ ಒಂದು ನಿಮಿಷವೂ ಸೋರದಂತೆ ನೋಡಿಕೊಂಡರೆ ಒಂದೊಂದು ಆಪರೇಷನ್ನಿನ ಖರ್ಚೂ ಇಳಿಯುತ್ತದೆ. ಲೆನ್ಸ್ ಸ್ವಂತದ್ದು. ಆಗ ನನ್ನಂಥವರು ಕಟ್ಟಿದ ದುಡ್ಡಲ್ಲಿ ನಮ್ಮ ಖರ್ಚು ಕಳೆದು ಇನ್ನೂ ಉಳಿಯುತ್ತದೆ. ಅದರಲ್ಲಿ ಚಿಕ್ಕವ್ವನ ಬಸ್ಸು, ಊಟ, ಲೆನ್ಸ್. ಅಲ್ಲಿ ನಡೆಯುವ ಆಪರೇಷನ್‌ಗಳಲ್ಲಿ ಅರ್ಧಕ್ಕೂ ಹೆಚ್ಚು ಉಚಿತ, ಇಲ್ಲವೇ ತೀರಾ ಕಡಿಮೆ ಬೆಲೆಯವು. ದಿನದಿನದ ಖರ್ಚಿಗೆ ದಾನ ಬೇಡಬೇಕಿಲ್ಲ.

ಎರಡೂ ಕಡೆ ಎಲ್ಲವೂ ಒಂದೇ ಅಂತ ನಾನು ಹೇಳುವುದಿಲ್ಲ. ದುಡ್ಡು ಕೊಟ್ಟರೆ ಮಂಚ ಇದೆ, ರೂಮಿದೆ, ಮಡಚಿ ಒಳಗಿಡುವ ದುಬಾರಿ ಲೆನ್ಸ್ ಆರಿಸಿಕೊಳ್ಳಬಹುದು. ಆದರೆ ಡಾಕ್ಟರ್‌ಗಳು ಎರಡೂ ವಿಭಾಗಕ್ಕೆ ಸರದಿಯಲ್ಲಿ ಹೋಗುತ್ತಾರೆ. ನನಗೆ ಬೇಕಾಗಿದ್ದದ್ದು ಅದೊಂದೇ ಖಾತ್ರಿ.

ಇದೇ ಪದ್ಧತಿ ನೇಪಾಳದಲ್ಲೂ ಇದೆ. ಲುಂಬಿನಿ ಹತ್ತಿರ ಭೈರಹವಾದಲ್ಲಿ ಸೇವಾ ಫೌಂಡೇಶನ್ ಬೆಂಬಲದಿಂದ ಬೆಳೆದ ಕಣ್ಣಾಸ್ಪತ್ರೆಗೆ ಗಡಿಯಾಚೆಯ ಉತ್ತರ ಪ್ರದೇಶ, ಬಿಹಾರದಿಂದ ಜನ ಬಸ್ಸು ತುಂಬ ಬರುತ್ತಾರೆ. ಅವರು ಕಟ್ಟುವ ಶುಲ್ಕದಿಂದ ನೇಪಾಳದ ಬಡವರ ಕಣ್ಣಿಗೂ ಬೆಳಕು. ಗಡಿ ಮೇಲೆ ಹುಟ್ಟಿದ ನನಗೆ ಇದನ್ನು ಓದಿ ಬಹಳ ಇಷ್ಟವಾಯ್ತು. ನಮ್ಮೂರಿನವರೂ ಅಷ್ಟೆ. ಕಾಯಿಲೆ ಬಂದರೆ ಯಾವ ರಾಜ್ಯ ಅಂತ ನೋಡುವುದಿಲ್ಲ, ಯಾವ ಬಸ್ಸು ಮೊದಲು ಬರುತ್ತದೆ ಅಂತ ನೋಡುತ್ತಾರೆ.

ಮಾರನೇ ದಿನ ಬೆಳಿಗ್ಗೆ ಅವ್ವನ ಕಣ್ಣಿನ ಪಟ್ಟಿ ಬಿಚ್ಚಿದರು. ಅವಳು ಮೊದಲು ನೋಡಿದ್ದು ನನ್ನ ತಲೆ. 'ಅಯ್ಯೋ, ಇಷ್ಟೊಂದು ಬಿಳಿ ಕೂದಲಾ ನಿಂಗೆ!' ಅಂದಳು. ಆಮೇಲೆ ಕಣ್ಣಲ್ಲಿ ನೀರು ಬಂತು. ಅಳಬಾರದು ಅಂತ ಸಿಸ್ಟರ್ ಗದರಿದಳು. ಅವ್ವನ ಬದಲು ನಾನು ಹೊರಗೆ ಬಂದು ಅತ್ತೆ.

ಈ ಸಲ ರಾಗಿ ಕಳೆಗೆ ನಾನು ಹೋಗಲಾಗಲಿಲ್ಲ. ಅಪ್ಪನಿಗೆ ಫೋನ್ ಮಾಡಿ ಕೇಳಿದೆ. 'ನಿಮ್ಮವ್ವ ನಾನು ಬಿಟ್ಟ ಕಳೆನೆಲ್ಲ ತೋರಿಸಿ ಬೈತಾವಳೆ' ಅಂದ. ಅವಳ ಎಡಗಣ್ಣು ಇನ್ನೂ ಆಗಬೇಕು. ಕೊಯ್ಲು ಮುಗಿದ ಮೇಲೆ ಅಂತ ಹೇಳಿದ್ದಾಳೆ. ಈ ಸಲ ನಾನು ರಜಾ ಹಾಕುವುದು ಬೇಡವಂತೆ, ಶಿಬಿರದ ಬಸ್ಸಲ್ಲೇ ಬರುತ್ತಾಳಂತೆ. ಜೊತೆಗೆ ಕೆಳಗಿನ ಬೀದಿಯ ಮೂವರು ಹೆಂಗಸರನ್ನು ಒಪ್ಪಿಸಿದ್ದಾಳೆ. ಅವರಲ್ಲಿ ಒಬ್ಬಳ ಮನೆಯ ಹಸು ಕರೆಯುವ ಕೆಲಸ ಅಪ್ಪನಿಗೆ ಬಿದ್ದಿದೆ.