ಪಿಕಪ್ ಇಲ್ಲದ ಗಾಡಿ, ಹದಿನಾಲ್ಕು ತಿರುವು

‘ಗಾಡಿ ಹೇಗಿದೆ?’ ಅಂತ ಯಾರಾದರೂ ಕೇಳಿದರೆ ‘ಮೈಲೇಜ್ ಚೆನ್ನಾಗಿದೆ’ ಅನ್ನುತ್ತೇನೆ. ಕಾರಿಟ್ಟವರಿಗೆ ಅಷ್ಟರಲ್ಲೇ ಎಲ್ಲ ಅರ್ಥವಾಗುತ್ತದೆ: ಪಿಕಪ್ ಇಲ್ಲ, ಅಂದರೆ ತುಳಿದ ಕೂಡಲೇ ವೇಗ ಏರುವುದಿಲ್ಲ.

ನಮ್ಮದು 800 ಸಿಸಿಯ ಪುಟ್ಟ ಕಾರು. ಮೂರು ಸಿಲಿಂಡರ್, 48 ಎಚ್‌ಪಿ. ಕಂಪನಿ ಹೆಸರು ಬೇಡ, ಪಾಪ ಅವರದ್ದೇನೂ ತಪ್ಪಿಲ್ಲ. ಕೊಟ್ಟ ದುಡ್ಡಿಗೆ ಸರಿಯಾಗಿಯೇ ಓಡುತ್ತದೆ. ಬೆಂಗಳೂರಿನೊಳಗೆ ಇದರ ಬಡತನ ಗೊತ್ತೇ ಆಗುವುದಿಲ್ಲ. ಕೋಟಿ ರೂಪಾಯಿಯ ಕಾರಿನವನೂ ನಾನೂ ಒಟ್ಟಿಗೇ ಸಿಲ್ಕ್ ಬೋರ್ಡ್ ದಾಟುತ್ತೇವೆ. ನೆಲಮಂಗಲ ಕಳೆದ ಮೇಲೆ ಬಣ್ಣ ಬಯಲಾಗುತ್ತದೆ.

ಅದರಲ್ಲೂ ಎರಡೇ ಲೇನಿನ ರಸ್ತೆ ಸಿಕ್ಕರೆ ಓವರ್‌ಟೇಕ್ ಅನ್ನುವುದು ಒಂದು ಯೋಜನೆ. ಮುಂದೆ ಲಾರಿ ಗಂಟೆಗೆ 50 ಕಿಲೋಮೀಟರಿನಲ್ಲಿ ಹೋಗುತ್ತಿದೆ ಅಂದುಕೊಳ್ಳಿ. ನಾನು 70ರಲ್ಲಿ ದಾಟಿದರೂ ಏಳು ಸೆಕೆಂಡ್ ಬೇಕು. ಅಷ್ಟರಲ್ಲಿ ನಾನು ಸುಮಾರು 140 ಮೀಟರ್ ಹೋಗಿರುತ್ತೇನೆ, ಎದುರಿಂದ ಬರುವವನೂ ಅಷ್ಟೇ ಬಂದಿರುತ್ತಾನೆ. ಅಂದರೆ 300 ಮೀಟರ್ ಖಾಲಿ ರಸ್ತೆ ಕಾಣಬೇಕು. ಅದೂ ನಾನು ಮೊದಲೇ 70ರಲ್ಲಿದ್ದರೆ! ಲಾರಿಯ ಬೆನ್ನಿಗೇ ಅಂಟಿಕೊಂಡಿದ್ದು, ಅಲ್ಲಿಂದ 50ರಿಂದ 70ಕ್ಕೆ ಏರಿಸುತ್ತೇನೆ ಅಂದರೆ ಈ ಗಾಡಿಯಲ್ಲಿ ಕಾಫಿ ಕುಡಿದು ಮುಗಿಸಬಹುದು. ಹಾಗಾಗಿ ಈಗ ಲಾರಿಯಿಂದ ದೂರವೇ ಇರುತ್ತೇನೆ. ಖಾಲಿ ರಸ್ತೆ ಕಂಡರೆ ಹಿಂದಿನಿಂದಲೇ ಥರ್ಡ್ ಗೇರಿನಲ್ಲಿ ಓಟ ಹಿಡಿದು ಬರುತ್ತೇನೆ. ಎದುರಿಗೆ ಏನಾದರೂ ಕಂಡರೆ ಮರ್ಯಾದೆಯಾಗಿ ಮತ್ತೆ ಹಿಂದೆ. ಹಿಂದಿನವರು ಹಾರ್ನ್ ಹೊಡೆಯುತ್ತಾರೆ, ಹೊಡೆಯಲಿ.

ಇಷ್ಟೆಲ್ಲ ಬುದ್ಧಿ ಬಂದಿದ್ದು ಆಗುಂಬೆಯ ಆ ದಿನದ ನಂತರ.

ಮೇ ತಿಂಗಳು. ಹೆಬ್ರಿಯಲ್ಲಿ ಹೆಂಡತಿಯ ಕಡೆಯ ಒಂದು ಮದುವೆ. ತೀರ್ಥಹಳ್ಳಿಯಿಂದ ಅಮ್ಮನನ್ನೂ ದೊಡ್ಡಪ್ಪನನ್ನೂ ಕರೆದುಕೊಂಡು ಆಗುಂಬೆ ಘಾಟಿ ಇಳಿದೆವು. ಇಳಿಯುವಾಗ ಎಲ್ಲ ಕಾರೂ ಶೂರನೇ. ದೊಡ್ಡಪ್ಪ ಮಾತ್ರ ‘ನ್ಯೂಟ್ರಲ್ ಹಾಕ್ಬೇಡ ಮಾರಾಯ, ಹತ್ತೋ ಗೇರಲ್ಲೇ ಇಳೀಬೇಕು’ ಅಂತ ಗೊಣಗುತ್ತಿದ್ದರು. ಮೂವತ್ತು ವರ್ಷ ಶಿರಾಡಿಯಲ್ಲಿ ಲಾರಿ ಹತ್ತಿಸಿ ಇಳಿಸಿದವರು ಅವರು.

ಕರಾವಳಿಯ ನೆಂಟರ ಮನೆಯಿಂದ ಬರಿಗೈಯಲ್ಲಿ ವಾಪಸ್ ಬರಲು ಸಾಧ್ಯವಿಲ್ಲ, ಅಲ್ವಾ? ಡಿಕ್ಕಿಗೆ ಮೊದಲು ಐವತ್ತು ತೆಂಗಿನಕಾಯಿಯ ಗೋಣಿ ಬಿತ್ತು. ಅದರ ಮೇಲೆ 25 ಕೆಜಿ ಕುಚ್ಚಲಕ್ಕಿ. ‘ಇದೊಂದು ಹೆಚ್ಚಾಗುದಿಲ್ಲ ಮಾರಾಯ್ರೆ’ ಅಂತ ಎರಡು ಹಲಸಿನಹಣ್ಣು. ಕಾರು ಹಿಂದಕ್ಕೆ ಕುಕ್ಕರಗಾಲು ಹಾಕಿತು. ಗಾಡಿಯ ತೂಕವೇ 700 ಚಿಲ್ಲರೆ ಕೆಜಿ. ಐದು ಜನ ಮತ್ತು ಈ ಸಾಮಾನು ಸೇರಿದರೆ ಹತ್ತಿರಹತ್ತಿರ ಅದರ ಅರ್ಧ. ಆಗ ಈ ಲೆಕ್ಕ ಹಾಕಿರಲಿಲ್ಲ.

ಸೋಮೇಶ್ವರ ದಾಟಿತು, ಏರು ಶುರುವಾಯಿತು. ಹಿಂದಿನ ಸೀಟಿನಲ್ಲಿ ಮಗಳು ತಿರುವು ಎಣಿಸತೊಡಗಿದಳು. ಈ ಘಾಟಿಯಲ್ಲಿ ಒಟ್ಟು ಹದಿನಾಲ್ಕು. ದೊಡ್ಡ ಲಾರಿಗಳಿಗೆ ಇಲ್ಲಿ ಪ್ರವೇಶವಿಲ್ಲ, ಬಸ್ಸೂ ಮಿನಿ ಬಸ್ಸೇ. ತಿರುವು ಅಷ್ಟು ಕಿರಿದು. ‘ಐದು’ ಅಂದಳು. ‘ಆರು’ ಅಂದಳು. ನಾನು ಸೆಕೆಂಡ್ ಗೇರಿನಲ್ಲಿ, ಎಸಿ ಹಾಕಿಕೊಂಡು, ಆರಾಮಾಗಿ ಹೋಗುತ್ತಿದ್ದೆ. ಹಿಂದೆ ಒಂದು ಮಿನಿ ಬಸ್ಸು ಬರುತ್ತಿತ್ತು.

ಇನ್ನೊಂದು ತಿರುವಿನ ಬಾಯಿಗೆ ಬರುವಾಗ ಮೇಲಿಂದ ದೊಡ್ಡ ಕಾರೊಂದು ಅರ್ಧ ರಸ್ತೆ ನುಂಗಿಕೊಂಡು ಇಳಿಯಿತು. ಘಾಟಿಯಲ್ಲಿ ಹತ್ತುವ ಗಾಡಿಗೆ ಇಳಿಯುವವರು ದಾರಿ ಬಿಡಬೇಕು. ಕಾನೂನೇ ಇದೆ. ಆದರೆ ಅದನ್ನು ಅಲ್ಲಿ ಯಾರಿಗೆ ಹೇಳುವುದು? ಬ್ರೇಕ್ ಒತ್ತಿದೆ. ಅವನು ಹೋದ. ಸೆಕೆಂಡ್ ಗೇರಿನಲ್ಲೇ ಮತ್ತೆ ಆಕ್ಸಿಲರೇಟರ್ ತುಳಿದೆ. ಎಂಜಿನ್ ‘ಗೊರ್’ ಅಂದಿತು, ಕಾರು ಮೇಲೆ ಹೋಗಲಿಲ್ಲ. ಇನ್ನೂ ತುಳಿದೆ. ಸ್ಪೀಡೋಮೀಟರಿನ ಮುಳ್ಳು ಮೇಲೇಳುವ ಬದಲು ಇಳಿಯಿತು. ಸ್ಟಿಯರಿಂಗ್ ಗಡಗಡ ನಡುಗಿತು. ಆಫ್.

ಬ್ರೇಕ್ ಮೇಲೆ ಕಾಲಿಟ್ಟರೂ ಕಾರು ಒಂದು ಗೇಣು ಹಿಂದೆ ಜಾರಿದ ಹಾಗಾಯಿತು. ‘ಅಯ್ಯೋ ಮಂಜುನಾಥ’ ಅಂದರು ಅಮ್ಮ. ಕನ್ನಡಿ ತುಂಬ ಮಿನಿ ಬಸ್ಸಿನ ಮೂತಿ.

ಸ್ಟಾರ್ಟ್ ಮಾಡಿ ಫಸ್ಟ್ ಹಾಕಿ ಹಾಫ್ ಕ್ಲಚ್ಚಿನಲ್ಲಿ ಎತ್ತಿದೆ. ಮುಂದಿನ ಚಕ್ರ ಜಲ್ಲಿಯ ಮೇಲೆ ಸುಮ್ನೆ ಸುತ್ತಿತು. ಎಂಜಿನ್ ತಿರುಗಿಸುವುದು ಮುಂದಿನ ಚಕ್ರಗಳನ್ನು. ಭಾರವೆಲ್ಲ ಹಿಂದೆ, ತೆಂಗಿನಕಾಯಿಯ ಮೇಲೆ. ಮುಂದೆ ಹಿಡಿತ ಎಲ್ಲಿಂದ ಬರಬೇಕು? ಮತ್ತೆ ಆಫ್. ‘ಅಪ್ಪಾ, ಏನೋ ಸುಡ್ತಿದೆ’ ಅಂದಳು ಮಗಳು. ಕ್ಲಚ್ಚಿನ ವಾಸನೆ.

ಅಷ್ಟರಲ್ಲಿ ಬಸ್ಸಿನ ಕಂಡಕ್ಟರ್ ಇಳಿದು ಬಂದು ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟಿದ್ದರು. ಕಿಟಕಿಗೆ ಬಗ್ಗಿ, ‘ಅರ್ಜೆಂಟಿಲ್ಲ ಮಾರಾಯ್ರೆ, ನಿಧಾನ ತೆಗೀರಿ’ ಅಂದರು. ಬೈದಿದ್ದರೆ ಒಳ್ಳೆಯದಿತ್ತು ಅನ್ನಿಸಿತು.

ದೊಡ್ಡಪ್ಪ ಅಲ್ಲಿಯವರೆಗೂ ಸುಮ್ಮನಿದ್ದರು. ಈಗ ಬಾಯಿಬಿಟ್ಟರು. ‘ಎಸಿ ತೆಗಿ. ಹ್ಯಾಂಡ್ ಬ್ರೇಕ್ ಎಳಿ. ಫಸ್ಟ್ ಹಾಕು. ಎಂಜಿನ್ ಕೂಗಲಿ, ಹೆದರಬೇಡ.’ ಹೆಂಡತಿ, ಅಮ್ಮ, ಮಗಳು ಇಳಿದರು. ಎಂಜಿನ್ ಕೂಗಿಸಿದೆ. ಕ್ಲಚ್ಚನ್ನು ಕೂದಲೆಳೆಯಷ್ಟು ಬಿಡುತ್ತಾ ಬಂದೆ. ಒಂದು ಹಂತದಲ್ಲಿ ಬಾನೆಟ್ ಸ್ವಲ್ಪ ಎದ್ದಿತು, ಎತ್ತು ನೊಗಕ್ಕೆ ಹೆಗಲು ಕೊಟ್ಟ ಹಾಗೆ. ‘ಈಗ ಬಿಡು’ ಅಂದರು. ಹ್ಯಾಂಡ್ ಬ್ರೇಕ್ ಬಿಟ್ಟೆ. ಕಾರು ಹೊರಟಿತು. ತಿರುವು ದಾಟಿ ಅಗಲ ಜಾಗದಲ್ಲಿ ನಿಲ್ಲಿಸಿದೆ. ಮೂವರೂ ಸೆರಗು, ಚಪ್ಪಲಿ ಸರಿ ಮಾಡಿಕೊಳ್ಳುತ್ತಾ ನಡೆದು ಬಂದರು. ಮಿನಿ ಬಸ್ಸು ಕೈಬೀಸಿ ಮುಂದೆ ಹೋಯಿತು.

‘ಗಾಡಿ ಕೇಳೋ ಮೊದಲೇ ಗೇರ್ ಕೊಡಬೇಕು. ಅದು ಬೇಡಿದ ಮೇಲೆ ಕೊಟ್ಟರೆ ತಡ ಆಯ್ತು’ ಅಂದರು ದೊಡ್ಡಪ್ಪ. ಕಾಗದದಲ್ಲಿ ನಮ್ಮ ಕಾರಿನ ಟಾರ್ಕ್, ಅಂದರೆ ಎಂಜಿನ್ನಿನ ತಿರುಗಿಸುವ ಬಲ, 69 ನ್ಯೂಟನ್ ಮೀಟರ್. ಅದೂ 3500 ಆರ್‌ಪಿಎಂ, ಅಂದರೆ ನಿಮಿಷಕ್ಕೆ ಅಷ್ಟು ಸುತ್ತು, ಮುಟ್ಟಿದಾಗ. 1500ರಲ್ಲಿ ಎಷ್ಟು ತುಳಿದರೂ ಶಬ್ದ ಬರುತ್ತದೆ, ಗಾಡಿ ಬರುವುದಿಲ್ಲ. ನಮ್ಮ ಗಾಡಿಗೆ ಆರ್‌ಪಿಎಂ ಮೀಟರೂ ಇಲ್ಲ, ಕಿವಿಯೇ ಮೀಟರು. ನಾನು ಮೈಲೇಜಿನ ಆಸೆಗೆ ಎಂಜಿನ್ ಕೂಗದ ಹಾಗೆ ಓಡಿಸುವುದನ್ನು ರೂಢಿ ಮಾಡಿಕೊಂಡಿದ್ದೆ. ಇನ್ನು ಎಸಿ. ಕಂಪ್ರೆಸರ್ ತಿರುಗಿಸಲು ಎಂಜಿನ್ನಿನಿಂದಲೇ ಮೂರ್ನಾಲ್ಕು ಎಚ್‌ಪಿ ಹೋಗುತ್ತದೆ. ದೊಡ್ಡ ಕಾರಿಗೆ ಅದು ಲೆಕ್ಕಕ್ಕಿಲ್ಲ. 48ರಲ್ಲಿ ನಾಲ್ಕು ಹೋದರೆ ಹನ್ನೆರಡರಲ್ಲಿ ಒಂದು ಪಾಲು ಹೋದ ಹಾಗೆ.

ಉಳಿದ ತಿರುವುಗಳನ್ನು ಕಿಟಕಿ ಇಳಿಸಿ, ಬೆವರು ಸುರಿಸಿ, ಪ್ರತಿ ತಿರುವಿಗೂ ಮೊದಲೇ ಫಸ್ಟ್ ಹಾಕಿ ಹತ್ತಿದೆವು. ಕಾರು ಕೂಗಿಕೊಂಡೇ ಹತ್ತಿತು, ಎಲ್ಲೂ ನಿಲ್ಲಲಿಲ್ಲ. ದೊಡ್ಡಪ್ಪ ಕಣ್ಣು ಮುಚ್ಚಿಕೊಂಡಿದ್ದರು, ಎಂಜಿನ್ ಸದ್ದು ಕೇಳುತ್ತಾ. ಒಂದೆರಡು ಕಡೆ ನಾನು ಗೇರ್ ಬದಲಿಸುವ ಮೊದಲೇ ಅವರ ಎಡಗೈ ತೊಡೆಯ ಮೇಲೆ ಅಲ್ಲಾಡಿತು.

ಆಗುಂಬೆಯಲ್ಲಿ ಚಹಾಕ್ಕೆ ನಿಲ್ಲಿಸಿದೆ. ಬಾನೆಟ್ಟಿನಿಂದ ಬಿಸಿ ಹಾಯುತ್ತಿತ್ತು. ಮಗಳು ಬೆರಳು ಮಡಚಿ ಮಡಚಿ ಎಣಿಸುತ್ತಿದ್ದಳು.

‘ಹದಿಮೂರೇ ಆಯ್ತಪ್ಪ. ನಡೆದು ಬಂದಿದ್ದು ಎಣಿಸೋದು ಮರೆತೆ ಅನ್ಸುತ್ತೆ. ಇನ್ನೊಂದ್ಸಲ ಇಳಿದು ಹತ್ತೋಣ?’

ಅಮ್ಮ ಚಹಾದ ಲೋಟ ಕೆಳಗಿಟ್ಟು ಅವಳ ತಲೆಗೊಂದು ಮೊಟಕಿದರು.